ಸ್ಪಾಟ್ ವಾರ್ನಿಷ್‌ಗೆ ಆರ್ಟ್‌ವರ್ಕ್ ಸಿದ್ಧ ಮಾಡುವುದು ಹೇಗೆ? ಫೈಲ್‌ನಿಂದ ಮೊದಲ ಹಾಳೆಯವರೆಗೆ

ಪುಸ್ತಕದ ಹೊದಿಕೆ, ವಿಸಿಟಿಂಗ್ ಕಾರ್ಡ್, ಆಮಂತ್ರಣ ಪತ್ರ, ರಟ್ಟಿನ ಪೆಟ್ಟಿಗೆ ಯಾವುದೇ ಇರಲಿ, ಹಾಳೆಯೆಲ್ಲ ಮಂಕಾಗಿದ್ದು ಒಂದು ಹೆಸರೋ ಚಿತ್ರವೋ ಮಾತ್ರ ಹೊಳೆಯುತ್ತಿದ್ದರೆ ಅಲ್ಲಿ ಸ್ಪಾಟ್ ವಾರ್ನಿಷ್ ಆಗಿದೆ ಎಂದರ್ಥ. ಬಣ್ಣವಿಲ್ಲದ, ಪಾರದರ್ಶಕವಾದ ಲೇಪವನ್ನು ಬೇಕಾದ ಜಾಗಕ್ಕೆ ಮಾತ್ರ ಹಚ್ಚಿರುತ್ತಾರೆ. ಹಾಳೆಯನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ಬೆಳಕು ಅಲ್ಲಿ ಮಾತ್ರ ಮಿನುಗುತ್ತದೆ.

ಇದಕ್ಕೆ ಬೇಕಾದ ಫೈಲ್ ಕೆಲಸ ಕಷ್ಟದ್ದೇನಲ್ಲ. ತೊಡಕಿರುವುದು ಬೇರೆ ಕಡೆ. ಬಣ್ಣ ತಪ್ಪಾದರೆ ಪರದೆಯಲ್ಲಿ ಗೊತ್ತಾಗುತ್ತದೆ, ಕಲರ್ ಪ್ರೂಫ್‌ನಲ್ಲೂ (ಮುದ್ರಣಕ್ಕೆ ಮೊದಲು ತೆಗೆಯುವ ಮಾದರಿ ಪ್ರತಿಯಲ್ಲೂ) ಗೊತ್ತಾಗುತ್ತದೆ. ವಾರ್ನಿಷ್ ತಪ್ಪಾದರೆ ಅವೆರಡರಲ್ಲೂ ಸುಳಿವು ಸಿಗುವುದಿಲ್ಲ. ಪ್ರತಿಗಳೆಲ್ಲ ಸಿದ್ಧವಾಗಿ ಬಂದ ಮೇಲೆಯೇ ತಪ್ಪು ಕಣ್ಣಿಗೆ ಬೀಳುತ್ತದೆ. ಅದಕ್ಕೇ ವಾರ್ನಿಷ್ ಅನ್ನು ಒಂದು ಎಫೆಕ್ಟ್ ಎಂದು ನೋಡಬೇಡಿ. ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪ್ಲೇಟ್, ಅಂದರೆ ಅಚ್ಚಿನ ತಗಡು ಇರುತ್ತದೆ. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಇದ್ದ ಹಾಗೆ ಇದು ಐದನೇ ಪ್ಲೇಟ್. ಈ ಪ್ಲೇಟ್‌ಗೆ ಗೊತ್ತಿರುವುದು ಎರಡೇ ಮಾತು: ಇಲ್ಲಿ ಹಚ್ಚು, ಇಲ್ಲಿ ಹಚ್ಚಬೇಡ. ಮುಂದಿನ ಎಲ್ಲ ಹಂತಗಳೂ ಆ ಎರಡು ಮಾತನ್ನು ಗೊಂದಲವಿಲ್ಲದೆ ಹೇಳುವುದಕ್ಕಾಗಿಯೇ ಇವೆ.

ಮೊದಲು ಪ್ರೆಸ್‌ನವರ ಜೊತೆ ಮಾತಾಡಿ

ಸಾಫ್ಟ್‌ವೇರ್ ತೆರೆಯುವ ಮೊದಲೇ ಈ ಮಾತುಕತೆ ಆಗಬೇಕು. ಯಾಕೆಂದರೆ "ಸ್ಪಾಟ್ ವಾರ್ನಿಷ್" ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಒಂದೊಂದಕ್ಕೂ ಫೈಲ್‌ನ ನಿಯಮ ಬೇರೆ.

ಆಫ್‌ಸೆಟ್ ಯಂತ್ರದಲ್ಲೇ, ಇಂಕ್ ಹಾಕುವ ಒಂದು ಯೂನಿಟ್‌ಗೆ ವಾರ್ನಿಷ್ ಹಾಕಿ ಹಚ್ಚುವುದು ಹಳೆಯ ವಿಧಾನ. ಬಣ್ಣಗಳ ಜೊತೆಗೇ ಬೀಳುವುದರಿಂದ ಜಾಗ ಸರಿಯಾಗಿ ಕೂರುತ್ತದೆ, ಸಣ್ಣ ಗೆರೆಗಳೂ ಬರುತ್ತವೆ. ಆದರೆ ಲೇಪ ತುಂಬ ತೆಳು. ಹೊಳಪು ಮೆಲ್ಲಗಿರುತ್ತದೆ, ಬೆರಳಿಗೆ ಏನೂ ತಾಗುವುದಿಲ್ಲ. ಎಣ್ಣೆ ಆಧಾರಿತ ವಾರ್ನಿಷ್ ಆದರೆ ವರ್ಷಗಳು ಕಳೆದಂತೆ ಸ್ವಲ್ಪ ಹಳದಿಗೆ ತಿರುಗುವುದೂ ಉಂಟು.

ಈಗ ಹೆಚ್ಚಿನವರು ಕೇಳುವುದು ಸ್ಪಾಟ್ ಯುವಿ. ಮುದ್ರಣವಾಗಿ, ಲ್ಯಾಮಿನೇಶನ್ ಆದ (ತೆಳು ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿದ) ಹಾಳೆಯ ಮೇಲೆ ಸ್ಕ್ರೀನ್ ಮೂಲಕ, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ದಪ್ಪನೆಯ ದ್ರವ ಹಚ್ಚಿ, ನೇರಳಾತೀತ ದೀಪದ ಕೆಳಗೆ ಹಾಯಿಸುತ್ತಾರೆ. ಆ ಬೆಳಕು ಬಿದ್ದ ಕೂಡಲೇ ಲೇಪ ಗಟ್ಟಿಯಾಗುತ್ತದೆ. ಹೊಳಪು ಜೋರಾಗಿರುತ್ತದೆ, ಮುಟ್ಟಿದರೆ ಅಂಚು ತಿಳಿಯುತ್ತದೆ. ಆದರೆ ದ್ರವ ದಪ್ಪ ಇರುವುದರಿಂದ ಗಟ್ಟಿಯಾಗುವ ಮೊದಲು ಸ್ವಲ್ಪ ಹರಡುತ್ತದೆ. ತೀರ ಸಣ್ಣ ವಿವರಗಳು ಮುಚ್ಚಿಹೋಗುತ್ತವೆ.

ಮೂರನೆಯದು ಡಿಜಿಟಲ್ ವಾರ್ನಿಷ್. ಸ್ಕೋಡಿಕ್ಸ್, ಎಂಜಿಐ ಜೆಟ್‌ವಾರ್ನಿಷ್ ಥರದ ಯಂತ್ರಗಳು ಇಂಕ್‌ಜೆಟ್‌ನ ಹಾಗೆ ಲೇಪವನ್ನು ಸಿಂಪಡಿಸುತ್ತವೆ. ಸ್ಕ್ರೀನ್ ಬೇಡ, ಪ್ಲೇಟ್ ಬೇಡ. ಕ್ಯಾಮೆರಾ ಪ್ರತಿ ಹಾಳೆಯನ್ನೂ ನೋಡಿ ಜಾಗ ಹೊಂದಿಸುತ್ತದೆ. ಪದರವನ್ನು 100 ಮೈಕ್ರಾನ್‌ಗೂ ಮೀರಿ ಎತ್ತರಿಸಬಹುದು. ಕಡಿಮೆ ಪ್ರತಿಗಳ ಕೆಲಸಕ್ಕೆ ಇದು ಚೆನ್ನಾಗಿ ಒದಗುತ್ತದೆ.

ನೀರು ಆಧಾರಿತ ಕೋಟಿಂಗ್ ಕೂಡ ಇದೆ. ಅದನ್ನು ಸಾಮಾನ್ಯವಾಗಿ ಇಡೀ ಹಾಳೆಗೆ ರಕ್ಷಣೆಗಾಗಿ ಹಾಕುತ್ತಾರೆ. ನಮ್ಮ ವಿಷಯಕ್ಕೆ ಅದು ಅಷ್ಟಾಗಿ ಬರುವುದಿಲ್ಲ.

ವಿಧಾನ ಯಾವುದು ಎಂದು ತಿಳಿದ ಮೇಲೆ ಇಷ್ಟನ್ನು ಕೇಳಿ ಬರೆದಿಟ್ಟುಕೊಳ್ಳಿ: ಎಷ್ಟು ತೆಳು ಗೆರೆ ಬರುತ್ತದೆ? ಎರಡು ಆಕಾರಗಳ ನಡುವೆ ಕನಿಷ್ಠ ಎಷ್ಟು ಸಂದು ಬೇಕು? ಜಾಗ ಎಷ್ಟು ಮಿಲಿಮೀಟರ್ ಆಚೀಚೆ ಆಗಬಹುದು? ವಾರ್ನಿಷ್ ಬಣ್ಣದ ಪಿಡಿಎಫ್‌ನಲ್ಲೇ ಇರಬೇಕಾ, ಬೇರೆ ಫೈಲ್ ಬೇಕಾ? ಸ್ವಾಚ್‌ಗೆ (ಸಾಫ್ಟ್‌ವೇರ್‌ನಲ್ಲಿ ಹೆಸರಿಟ್ಟು ಉಳಿಸುವ ಬಣ್ಣಕ್ಕೆ) ಏನು ಹೆಸರು ಕೊಡಬೇಕು? ಈ ಉತ್ತರಗಳು ನಾನು ಇಲ್ಲಿ ಕೊಡುವ ಅಂಕಿಗಳಿಗಿಂತ ಬೇರೆ ಇದ್ದರೆ ಅವರ ಅಂಕಿಗಳನ್ನೇ ಹಿಡಿಯಿರಿ. ಯಂತ್ರ ಅವರದ್ದು.

ಕಾಗದ ಮತ್ತು ಲ್ಯಾಮಿನೇಶನ್

ಹೊಳಪು ಕಾಣಬೇಕಾದರೆ ಅದರ ಸುತ್ತ ಮಂಕು ಇರಬೇಕು. ಹೊಳೆಯುವ ಲ್ಯಾಮಿನೇಶನ್ ಮೇಲೆ ಹೊಳೆಯುವ ವಾರ್ನಿಷ್ ಹಾಕಿದರೆ ದುಡ್ಡು ಹೋಯಿತು, ಅಷ್ಟೇ. ಮಂಕಾದ ಮ್ಯಾಟ್ ಲ್ಯಾಮಿನೇಶನ್ ಅಥವಾ ಮಖಮಲ್ಲಿನಂತೆ ಮುಟ್ಟಿಸಿಕೊಳ್ಳುವ ಸಾಫ್ಟ್‌ಟಚ್ ಲ್ಯಾಮಿನೇಶನ್ ಮೇಲೆ ಸ್ಪಾಟ್ ಯುವಿ ಹಾಕಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಎಲ್ಲ ಫಿಲ್ಮ್‌ಗೂ ಯುವಿ ಅಂಟುವುದಿಲ್ಲ. ಯುವಿ ಹಿಡಿಯುವ ಫಿಲ್ಮ್ ಬಳಸುತ್ತಿದ್ದೇವೆ ಎಂದು ಪ್ರೆಸ್‌ನವರು ಖಚಿತಪಡಿಸಲಿ.

ಲೇಪವಿಲ್ಲದ ಒರಟು ಕಾಗದ ವಾರ್ನಿಷ್ ಅನ್ನು ಹೀರಿಕೊಳ್ಳುತ್ತದೆ. ಹೊಳಪಿನ ಬದಲು ಎಣ್ಣೆ ಕಲೆಯಂತೆ ಕಪ್ಪಾಗಿ ಕಾಣುತ್ತದೆ. ತೀರ ತೆಳು ಹಾಳೆಯೂ ಬೇಡ. ಒಂದೇ ಬದಿಗೆ ದಪ್ಪ ಲೇಪ ಬಿದ್ದಾಗ ಅದು ಸುರುಟಿಕೊಳ್ಳುತ್ತದೆ. ಹೊದಿಕೆ, ಕಾರ್ಡ್‌ಗಳಿಗೆ 250 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ) ಮತ್ತು ಅದಕ್ಕಿಂತ ಜಾಸ್ತಿ ತೂಕದ ಕಾಗದ ನೆಮ್ಮದಿ ಕೊಡುತ್ತದೆ.

ಡಿಜಿಟಲ್ ಟೋನರ್ ಯಂತ್ರದಲ್ಲಿ ಮುದ್ರಿಸಿದ ಹಾಳೆಯ ಮೇಲೆ ನೇರವಾಗಿ ಯುವಿ ಹಾಕಿದರೆ ಹಿಡಿತ ಕೈಕೊಡಬಹುದು. ಟೋನರ್ ಅನ್ನು ಬಿಸಿಯಿಂದ ಅಂಟಿಸುವ ಫ್ಯೂಸರ್‌ನ ಎಣ್ಣೆಯ ಪದರ ಮೇಲೆ ಉಳಿದಿರುವುದು ಅದಕ್ಕೊಂದು ಕಾರಣ. ನಡುವೆ ಲ್ಯಾಮಿನೇಶನ್ ಇದ್ದರೆ ಆ ತೊಂದರೆ ಇರುವುದಿಲ್ಲ.

ಎಲ್ಲಿ ಹೊಳೆಯಬೇಕು?

ಗಾಢ ಬಣ್ಣದ ಮೇಲೆ ವಾರ್ನಿಷ್ ಚೆನ್ನಾಗಿ ಕಾಣುತ್ತದೆ. ಕಪ್ಪು, ಕಡು ನೀಲಿ, ಕಡು ಕೆಂಪು ಎಲ್ಲವೂ ಸರಿ. ಬಿಳಿ, ತಿಳಿ ಹಳದಿ ಮೇಲೆ ಹಾಕಿದರೆ ಹುಡುಕಿ ನೋಡಬೇಕಾಗುತ್ತದೆ. ಬಿಳಿ ಹಾಳೆಯಲ್ಲೇ ಮೆಲುವಾದ ವಿನ್ಯಾಸ ಬೇಕು ಎಂಬ ಉದ್ದೇಶ ಇದ್ದರೆ ಅದು ಬೇರೆ ಮಾತು. ಹಾಗೇ, ವಾರ್ನಿಷ್ ಬಿದ್ದ ಜಾಗದ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಒಂದೇ ಬಣ್ಣದ ಅರ್ಧ ಭಾಗಕ್ಕೆ ವಾರ್ನಿಷ್ ಹಾಕಿದರೆ ಎರಡು ಛಾಯೆ ಕಾಣುತ್ತದೆ. ಇದನ್ನು ವಿನ್ಯಾಸದಲ್ಲೇ ಬಳಸಿಕೊಳ್ಳಬಹುದು.

ಮೂರು ಬಗೆಯ ಬಳಕೆ ಇದೆ. ಒಂದು, ಈಗಾಗಲೇ ಮುದ್ರಣವಾಗಿರುವ ಆಕಾರದ ಮೇಲೆ ಸರಿಯಾಗಿ ಕೂರುವ ವಾರ್ನಿಷ್: ಲೋಗೋ, ಶೀರ್ಷಿಕೆ, ಒಂದು ಹಣ್ಣಿನ ಚಿತ್ರ. ಎರಡು, ಕೆಳಗೆ ಯಾವ ಆಕಾರವೂ ಮುದ್ರಣವಾಗಿರದ ಕಡೆ ವಾರ್ನಿಷ್‌ನಿಂದಲೇ ಮೂಡುವ ಚಿತ್ರ: ಒಂದೇ ಕಪ್ಪಿನ ಮೇಲೆ ಎಲೆಗಳ ಜಾಲರಿಯಂತೆ. ಮೂರು, ಫೋಟೊದ ಆಯ್ದ ಭಾಗ: ನೀರು, ಗಾಜು, ಕಣ್ಣು, ಒದ್ದೆ ಕಲ್ಲು. ನನ್ನ ಒಲವು ಎರಡನೆಯದರ ಕಡೆಗೆ. ಅಲ್ಲಿ ವಾರ್ನಿಷ್ ಬೇರೆ ಯಾವುದರ ಮೇಲೂ ಸರಿಯಾಗಿ ಕೂರಬೇಕಿಲ್ಲ. ಅರ್ಧ ಮಿಲಿಮೀಟರ್ ಜರುಗಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಸಲ ಮಾಡುವವರು ಅಲ್ಲಿಂದಲೇ ಶುರು ಮಾಡಲಿ ಎಂದು ಹೇಳುತ್ತೇನೆ.

ಉದ್ದನೆಯ ಬರಹಕ್ಕೆ ಮಾತ್ರ ವಾರ್ನಿಷ್ ಹಾಕಬೇಡಿ. ಬೆಳಕು ಕಣ್ಣಿಗೆ ಹೊಡೆದು ಓದುವುದು ಕಷ್ಟವಾಗುತ್ತದೆ. ದೊಡ್ಡ ಜಾಗವನ್ನೆಲ್ಲ ತುಂಬುವುದೂ ಅಷ್ಟು ಒಳ್ಳೆಯದಲ್ಲ. ಬೆರಳಚ್ಚು ಕಾಣುತ್ತದೆ, ಸಣ್ಣ ಗುಳ್ಳೆ, ತೂತುಗಳು ಕಾಣುತ್ತವೆ. ಎಲ್ಲವೂ ಹೊಳೆದರೆ ಯಾವುದೂ ಹೊಳೆದಂತೆ ಅನಿಸುವುದಿಲ್ಲ ಅಲ್ವಾ?

ಬಣ್ಣದ ಕೆಲಸ ಮುಗಿಸಿ, ಬೀಗ ಹಾಕಿ

ವಾರ್ನಿಷ್ ಲೇಯರ್ ಮಾಡುವ ಮೊದಲು ಬಣ್ಣದ ಆರ್ಟ್‌ವರ್ಕ್ ಪೂರ್ತಿ ಮುಗಿದಿರಬೇಕು. ಅಕ್ಷರ ತಿದ್ದುಪಡಿ, ಅಳತೆ, ಗ್ರಾಹಕರ ಒಪ್ಪಿಗೆ ಎಲ್ಲ ಆಗಿರಲಿ. ಶೀರ್ಷಿಕೆ ಎರಡು ಮಿಲಿಮೀಟರ್ ಮೇಲೆ ಹೋದರೆ ವಾರ್ನಿಷ್ ಕೂಡ ಹೋಗಬೇಕು. ಅದನ್ನು ಮರೆಯುವುದು ಬಹಳ ಸುಲಭ.

ಡಾಕ್ಯುಮೆಂಟ್ ಸಿಎಂವೈಕೆ ಮೋಡ್‌ನಲ್ಲಿರಲಿ, ಅಂದರೆ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಬಣ್ಣಗಳಲ್ಲಿ. ಬ್ಲೀಡ್ (ಕತ್ತರಿಸುವ ಗೆರೆಯ ಹೊರಗೆ ಚಾಚಿಸುವ ಭಾಗ) ನಾಲ್ಕೂ ಕಡೆ 3 ಮಿಮೀ. ಗಾಢ ಕಪ್ಪು ಬೇಕಾದಲ್ಲಿ ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಥರದ ಮಿಶ್ರಣ ಸಾಕು. ನಾಲ್ಕೂ ಬಣ್ಣ 100 ಮಾಡಿದರೆ ಇಂಕ್ ಸರಿಯಾಗಿ ಒಣಗುವುದಿಲ್ಲ. ಒಣಗದ ಇಂಕ್ ಮೇಲೆ ಲ್ಯಾಮಿನೇಶನ್ ಆಗಲಿ ವಾರ್ನಿಷ್ ಆಗಲಿ ಕೂರುವುದಿಲ್ಲ. ಎಲ್ಲ ಮುಗಿದ ಮೇಲೆ ಆ ಲೇಯರ್‌ಗಳಿಗೆ ಲಾಕ್ ಹಾಕಿ.

ಸ್ವಾಚ್ ಮತ್ತು ಲೇಯರ್

ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಲಸ್ಟ್ರೇಟರ್‌ನಲ್ಲಿ ಹೊಸ ಲೇಯರ್ ಮಾಡಿ, ಎಲ್ಲಕ್ಕಿಂತ ಮೇಲೆ ಇಡಿ. ಸ್ವಾಚಸ್ ಪ್ಯಾನೆಲ್‌ನಲ್ಲಿ ನ್ಯೂ ಸ್ವಾಚ್ ಒತ್ತಿ. ಕಲರ್ ಟೈಪ್ ಎಂಬಲ್ಲಿ ಸ್ಪಾಟ್ ಕಲರ್ ಆರಿಸಿ, ಅಂದರೆ ತನ್ನದೇ ಪ್ಲೇಟ್ ಇರುವ ಬಣ್ಣ. ಈ ಒಂದು ಆಯ್ಕೆಯ ಮೇಲೆ ಎಲ್ಲವೂ ನಿಂತಿದೆ. ಅದು ಪ್ರೊಸೆಸ್ ಕಲರ್ (ನಾಲ್ಕು ಬಣ್ಣಗಳ ಮಿಶ್ರಣ) ಆಗಿ ಉಳಿದರೆ ವಾರ್ನಿಷ್‌ಗೆ ಪ್ರತ್ಯೇಕ ಪ್ಲೇಟ್ ಆಗುವುದಿಲ್ಲ. ನೀವು ಗುರುತಿಗೆಂದು ಕೊಟ್ಟ ಗುಲಾಬಿ ಬಣ್ಣವೇ ಹಾಳೆಯ ಮೇಲೆ ಅಚ್ಚಾಗಿ ಬರುತ್ತದೆ.

ಗುರುತಿನ ಬಣ್ಣ ಯಾವುದಾದರೂ ಆಗಬಹುದು. ಅದು ಪರದೆಯಲ್ಲಿ ನೋಡಲಿಕ್ಕೆ ಮಾತ್ರ. ಆರ್ಟ್‌ವರ್ಕ್‌ನಲ್ಲಿ ಇಲ್ಲದ ಬಣ್ಣ ಆರಿಸಿಕೊಳ್ಳಿ. ಹೆಚ್ಚಿನವರು 100 ಮೆಜೆಂಟಾ ಬಳಸುತ್ತಾರೆ. ಆರ್ಟ್‌ವರ್ಕ್ ಕೆಂಪಗಿದ್ದರೆ ಸಯಾನ್ ಅಥವಾ ಹಸಿರು ತೆಗೆದುಕೊಳ್ಳಿ.

ಹೆಸರಿನ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಪ್ರೆಸ್ ಹೇಳಿದ ಹೆಸರನ್ನು ಅದೇ ಕಾಗುಣಿತದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಕನ್ನಡದಲ್ಲಿ ಹೆಸರಿಟ್ಟರೆ ಕೆಲವು ಸಿಸ್ಟಮ್‌ಗಳು ಅದನ್ನು ಓದಲಾರವು. ಒಂದು ಫೈಲ್‌ನಲ್ಲಿ ದೊಡ್ಡಕ್ಷರ, ಇನ್ನೊಂದರಲ್ಲಿ ಸಣ್ಣಕ್ಷರ ಬಳಸಬೇಡಿ. ಒಂದು ಜಾಗದಲ್ಲಿ ಸ್ಪೇಸ್ ಬಿಟ್ಟು ಇನ್ನೊಂದರಲ್ಲಿ ಬಿಡದಿದ್ದರೂ ಎರಡು ಪ್ಲೇಟ್ ಆಗಿಬಿಡುತ್ತವೆ. ಇಲಸ್ಟ್ರೇಟರ್ ಚಿತ್ರವನ್ನು ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ ತರುವಾಗ ಈ ತೊಂದರೆ ಹೆಚ್ಚು.

ಇನ್‌ಡಿಸೈನ್‌ನಲ್ಲೂ ಕ್ರಮ ಇದೇ: ಸ್ವಾಚಸ್, ನ್ಯೂ ಕಲರ್ ಸ್ವಾಚ್, ಸ್ಪಾಟ್. ಕೋರಲ್‌ಡ್ರಾದಲ್ಲಿ ಯಾವುದಾದರೂ ಸ್ಪಾಟ್ ಪ್ಯಾಲೆಟ್‌ನಿಂದ, ಕೆಲಸದಲ್ಲಿ ಬೇರೆಲ್ಲೂ ಬಳಸದ ಒಂದು ಬಣ್ಣ ತೆಗೆದುಕೊಂಡು, ಅದು ವಾರ್ನಿಷ್ ಎಂದು ಬರೆದು ತಿಳಿಸುವ ರೂಢಿ ಇದೆ.

ವಾರ್ನಿಷ್ ಆಕಾರ ಯಾವಾಗಲೂ 100 ಶೇಕಡಾ ಗಟ್ಟಿ ಇರಬೇಕು. ಗ್ರೇಡಿಯಂಟ್ ಬೇಡ, ನೆರಳು ಬೇಡ, ಅಂಚು ಮಸುಕಾಗಿಸುವ ಫೆದರ್ ಬೇಡ. ಸ್ಕ್ರೀನ್‌ನಲ್ಲಿ 50 ಶೇಕಡಾ ವಾರ್ನಿಷ್ ಎಂದರೆ ಅರ್ಧ ಹೊಳಪು ಎಂದಲ್ಲ. ಅದು ಚುಕ್ಕಿಗಳಾಗಿ ಒಡೆಯುತ್ತದೆ. ಆ ಚುಕ್ಕಿಗಳು ಒಂದಕ್ಕೊಂದು ಸೇರಿ ಮರಳು ಮರಳಾಗಿ ಕಾಣುತ್ತವೆ. ಕೆಳಗಿನ ಚಿತ್ರ ಕಾಣಲಿ ಎಂದು ವಾರ್ನಿಷ್ ಲೇಯರ್‌ನ ಒಪ್ಯಾಸಿಟಿಯನ್ನು 30ಕ್ಕೆ ಇಳಿಸಿ, ಹಾಗೇ ಎಕ್ಸ್‌ಪೋರ್ಟ್ ಮಾಡುವವರಿದ್ದಾರೆ. ಆಗಲೂ ಇದೇ ಗತಿ. ಕೆಳಗಿನದು ನೋಡಬೇಕಾದರೆ ಲೇಯರ್‌ನ ಕಣ್ಣಿನ ಗುರುತು ಒತ್ತಿ ಮರೆಮಾಡಿ, ಸಾಕು.

ಡಿಜಿಟಲ್ ವಾರ್ನಿಷ್‌ನಲ್ಲಿ ಮಾತ್ರ ಇದಕ್ಕೆ ವಿನಾಯಿತಿ ಇದೆ. ಕೆಲವು ಯಂತ್ರಗಳು ಬೂದು ಛಾಯೆಯನ್ನು ಎತ್ತರವಾಗಿ ಓದುತ್ತವೆ: ಕಪ್ಪು ಅತಿ ಎತ್ತರ, ಬೂದು ಕಡಿಮೆ ಎತ್ತರ. ಪ್ರೆಸ್‌ನವರು ಹೌದು ಎಂದರೆ ಮಾತ್ರ ಇದನ್ನು ಬಳಸಿ.

ಆಕಾರ ತೆಗೆಯುವುದು

ಲೋಗೋ, ಶೀರ್ಷಿಕೆಗಳು ಈಗಾಗಲೇ ವೆಕ್ಟರ್ (ಚುಕ್ಕಿಗಳ ಬದಲು ಗೆರೆಗಳಿಂದಾದ ಆಕಾರ) ಆಗಿದ್ದರೆ ಕೆಲಸ ಸುಲಭ. ಕಾಪಿ ಮಾಡಿ, ವಾರ್ನಿಷ್ ಲೇಯರ್‌ಗೆ ಹೋಗಿ, ಪೇಸ್ಟ್ ಇನ್ ಪ್ಲೇಸ್ ಕೊಡಿ. ಸಾಮಾನ್ಯ ಪೇಸ್ಟ್ ಕೊಟ್ಟರೆ ಜಾಗ ಬದಲಾಗುತ್ತದೆ. ಆಮೇಲೆ ಫಿಲ್ ಅನ್ನು ವಾರ್ನಿಷ್ ಸ್ವಾಚ್ ಮಾಡಿ, ಸ್ಟ್ರೋಕ್ ತೆಗೆಯಿರಿ. ಗೆರೆಗಳೇ ಬೇಕಿದ್ದರೆ ಔಟ್‌ಲೈನ್ ಸ್ಟ್ರೋಕ್ ಕೊಟ್ಟು ಆಕಾರವಾಗಿ ಬದಲಿಸಿ.

ಅಕ್ಷರಗಳನ್ನು ಕ್ರಿಯೇಟ್ ಔಟ್‌ಲೈನ್ಸ್ ಕೊಟ್ಟು ವೆಕ್ಟರ್ ಮಾಡಿ. ಕನ್ನಡ ಅಕ್ಷರಕ್ಕೆ ಇಲ್ಲಿ ಎರಡು ಎಚ್ಚರಿಕೆ ಬೇಕು. ಕನ್ನಡ ಫಾಂಟ್‌ನಲ್ಲಿ ಒಂದು ಅಕ್ಷರ ಎಂದು ಕಾಣುವುದು ಬಹಳ ಸಲ ಎರಡು ಮೂರು ತುಂಡುಗಳ ಜೋಡಣೆ. ತಲೆಕಟ್ಟು, ಗುಣಿತದ ಚಿಹ್ನೆ, ಒತ್ತಕ್ಷರ ಬೇರೆ ಬೇರೆ ಆಕಾರಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ಅವೆಲ್ಲ ಕೂಡಿ ಒಂದು ಕಂಪೌಂಡ್ ಪಾತ್ (ಹಲವು ಗೆರೆಗಳು ಸೇರಿದ ಒಂದು ಆಕಾರ) ಆದಾಗ ಎರಡೂ ಸೇರುವ ಕಡೆ ತೂತು ಬೀಳಬಹುದು. ಆದ್ದರಿಂದ ಔಟ್‌ಲೈನ್ ಮಾಡಿದ ಮೇಲೆ ಪಾತ್‌ಫೈಂಡರ್‌ನ ಯುನೈಟ್ ಕೊಟ್ಟು ಒಂದೇ ಆಕಾರ ಮಾಡಿ, ದೊಡ್ಡದಾಗಿಸಿ ನೋಡಿ. ಇನ್ನೊಂದು, ಒತ್ತಕ್ಷರಗಳ ಗಾತ್ರ. ಮುಖ್ಯ ಅಕ್ಷರ ಸಾಕಷ್ಟು ದೊಡ್ಡದಿದ್ದರೂ ಅದರ ಕೆಳಗಿನ ಒತ್ತು ಅರ್ಧದಷ್ಟೇ ಇರುತ್ತದೆ. "ಷ್ಟ್ರ", "ಕ್ಷ್ಮಿ" ಥರದ ಕಡೆ ಒಳಗಿನ ಸಂದುಗಳೆಲ್ಲ ದ್ರವ ತುಂಬಿ ಮುಚ್ಚುತ್ತವೆ. ಇಂಗ್ಲಿಷ್‌ಗೆ 10 ಪಾಯಿಂಟ್ ಸಾಕು ಎಂದು ಪ್ರೆಸ್‌ನವರು ಹೇಳಿದರೆ ಕನ್ನಡಕ್ಕೆ ಅದರ ಸುಮಾರು ಎರಡರಷ್ಟು ಇಟ್ಟುಕೊಳ್ಳುವುದು ಕ್ಷೇಮ. ದಪ್ಪ ತೂಕದ, ಸರಳ ತಿರುವಿನ ಫಾಂಟ್ ಆರಿಸಿ.

ಗೆರೆಯ ದಪ್ಪ ಸ್ಕ್ರೀನ್ ಯುವಿಗೆ 1 ಪಾಯಿಂಟ್, ಅಂದರೆ ಸುಮಾರು 0.35 ಮಿಮೀಗಿಂತ ಕಡಿಮೆ ಬೇಡ. ವಾರ್ನಿಷ್ ನಡುವೆ ಬಿಡುವ ಖಾಲಿ ಗೆರೆ ಇದಕ್ಕಿಂತ ಅಗಲ ಇರಬೇಕು. ದ್ರವ ಎರಡೂ ಕಡೆಯಿಂದ ಒಳಗೆ ಹರಿಯುವುದರಿಂದ ಖಾಲಿ ಜಾಗ ಯಾವಾಗಲೂ ಕುಗ್ಗುತ್ತದೆ. 0.5 ಮಿಮೀ ಬಿಡಿ.

ಫೋಟೊದಿಂದ ಆಕಾರ ತೆಗೆಯುವುದು ಸ್ವಲ್ಪ ನಿಧಾನದ ಕೆಲಸ. ಅಂಚು ಸ್ಪಷ್ಟವಾಗಿರುವ ವಸ್ತುವಾದರೆ ಪೆನ್ ಟೂಲ್‌ನಿಂದ ಸುತ್ತ ಗೆರೆ ಎಳೆಯುವುದೇ ಒಳ್ಳೆಯದು. ಕೂದಲು, ಎಲೆ, ನೀರಿನ ಹನಿಗಳಂಥ ಚಿತ್ರವಾದರೆ ಫೋಟೊಶಾಪ್‌ನಲ್ಲಿ ಗ್ರೇಸ್ಕೇಲ್ ಮಾಡಿ, ಥ್ರೆಶೋಲ್ಡ್ ಕೊಟ್ಟು ಪೂರ್ತಿ ಕಪ್ಪು ಬಿಳುಪು ಮಾಡಿ. ಪುಟ್ಟ ಪುಟ್ಟ ಚುಕ್ಕಿಗಳನ್ನು ಅಳಿಸಿ. ಅವು ವಾರ್ನಿಷ್ ಆದಾಗ ಧೂಳು ಕೂತಂತೆ ಕಾಣುತ್ತವೆ. ಆಮೇಲೆ ಬಿಟ್‌ಮ್ಯಾಪ್ ಮೋಡ್‌ನಲ್ಲಿ, 1200 ಪಿಪಿಐನಲ್ಲಿ (ಇಂಚಿಗೆ 1200 ಪಿಕ್ಸೆಲ್) ಟಿಫ್ ಆಗಿ ಸೇವ್ ಮಾಡಿ. ಇಷ್ಟು ರೆಸಲ್ಯೂಶನ್ ಯಾಕೆಂದರೆ ಒಂದು ಬಿಟ್‌ನ ಚಿತ್ರದಲ್ಲಿ ಅಂಚನ್ನು ನುಣುಪಾಗಿಸುವ ಬೂದು ಛಾಯೆ ಇರುವುದಿಲ್ಲ. ಇನ್‌ಡಿಸೈನ್‌ಗೆ ತಂದು, ಡೈರೆಕ್ಟ್ ಸೆಲೆಕ್ಷನ್‌ನಿಂದ ಚಿತ್ರವನ್ನು ಹಿಡಿದು ವಾರ್ನಿಷ್ ಸ್ವಾಚ್ ಒತ್ತಿದರೆ ಕಪ್ಪು ಭಾಗವೆಲ್ಲ ವಾರ್ನಿಷ್ ಆಗುತ್ತದೆ. ಇದು ನನಗೆ ತುಂಬ ಇಷ್ಟವಾದ ದಾರಿ. ಬೇಕೆಂದರೆ ಇಲಸ್ಟ್ರೇಟರ್‌ನ ಇಮೇಜ್ ಟ್ರೇಸ್‌ನಿಂದ ವೆಕ್ಟರ್ ಕೂಡ ಮಾಡಿಕೊಳ್ಳಬಹುದು.

ಫೋಟೊಶಾಪ್‌ನಲ್ಲೇ ಮುಗಿಸುವುದಾದರೆ ಜಾಗ ಸೆಲೆಕ್ಟ್ ಮಾಡಿ, ಚಾನೆಲ್ಸ್ ಪ್ಯಾನೆಲ್‌ನಲ್ಲಿ ನ್ಯೂ ಸ್ಪಾಟ್ ಚಾನೆಲ್ ಕೊಡಿ. ಅಲ್ಲಿರುವ ಸಾಲಿಡಿಟಿ ಅಂಕಿ ಪರದೆಯ ನೋಟಕ್ಕೆ ಮಾತ್ರ. ಸ್ಪಾಟ್ ಚಾನೆಲ್ ಉಳಿಯಬೇಕಾದರೆ ಜೆಪೆಗ್ ಆಗಿ ಸೇವ್ ಮಾಡಬೇಡಿ. ಪಿಎಸ್‌ಡಿ ಅಥವಾ ಟಿಫ್ ಇರಲಿ.

ಓವರ್‌ಪ್ರಿಂಟ್: ಮರೆಯಲೇಬಾರದ ಹಂತ

ಒಂದು ಬಣ್ಣದ ಆಕಾರದ ಮೇಲೆ ಇನ್ನೊಂದನ್ನು ಇಟ್ಟರೆ ಸಾಫ್ಟ್‌ವೇರ್ ಕೆಳಗಿನದನ್ನು ಕತ್ತರಿಸಿ ತೆಗೆಯುತ್ತದೆ. ಇದಕ್ಕೆ ನಾಕ್‌ಔಟ್ ಎನ್ನುತ್ತಾರೆ. ಸಾಮಾನ್ಯ ಬಣ್ಣಗಳಿಗೆ ಅದೇ ಸರಿ. ಇಲ್ಲದಿದ್ದರೆ ನೀಲಿಯ ಮೇಲಿನ ಹಳದಿ ಹಸಿರಾಗುತ್ತದೆ. ಆದರೆ ಸಾಫ್ಟ್‌ವೇರ್‌ಗೆ ವಾರ್ನಿಷ್ ಪಾರದರ್ಶಕ ಎಂಬುದು ಗೊತ್ತಿಲ್ಲ. ಅದರ ಕಣ್ಣಿಗೆ ಅದೂ ಒಂದು ಮೆಜೆಂಟಾ ಆಕಾರ. ಕೆಳಗಿನ ಶೀರ್ಷಿಕೆಯನ್ನು ಕತ್ತರಿಸಿ ಹಾಕುತ್ತದೆ. ಕೊನೆಗೆ ಬಿಳಿ ಕಾಗದದ ಮೇಲೆ ಹೊಳೆಯುವ, ಬಣ್ಣವೇ ಇಲ್ಲದ ಶೀರ್ಷಿಕೆ ಸಿಗುತ್ತದೆ.

ಕೆಳಗಿನದನ್ನು ಕತ್ತರಿಸದೆ ಅದರ ಮೇಲೆಯೇ ಬೀಳುವಂತೆ ಮಾಡುವುದು ಓವರ್‌ಪ್ರಿಂಟ್. ಅದಕ್ಕಾಗಿ ವಾರ್ನಿಷ್ ಲೇಯರ್‌ನಲ್ಲಿರುವ ಎಲ್ಲವನ್ನೂ ಸೆಲೆಕ್ಟ್ ಮಾಡಿ. ಇಲಸ್ಟ್ರೇಟರ್ ಮತ್ತು ಇನ್‌ಡಿಸೈನ್‌ನಲ್ಲಿ ಆ್ಯಟ್ರಿಬ್ಯೂಟ್ಸ್ ಪ್ಯಾನೆಲ್ ತೆರೆದು ಓವರ್‌ಪ್ರಿಂಟ್ ಫಿಲ್ ಗುರುತು ಹಾಕಿ. ಕೋರಲ್‌ಡ್ರಾದಲ್ಲಿ ಆಕಾರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಓವರ್‌ಪ್ರಿಂಟ್ ಫಿಲ್ ಸಿಗುತ್ತದೆ. ಇನ್‌ಡಿಸೈನ್‌ಗೆ ತಂದ ಬಿಟ್‌ಮ್ಯಾಪ್ ಚಿತ್ರಕ್ಕೆ ಈ ಗುರುತು ಕೆಲಸ ಮಾಡುವುದಿಲ್ಲ. ಅದಕ್ಕೆ ಎಫೆಕ್ಟ್ಸ್ ಪ್ಯಾನೆಲ್‌ನಲ್ಲಿ ಮಲ್ಟಿಪ್ಲೈ ಕೊಡಿ. ಫೋಟೊಶಾಪ್‌ನ ಸ್ಪಾಟ್ ಚಾನೆಲ್ ತಾನಾಗಿಯೇ ಓವರ್‌ಪ್ರಿಂಟ್ ಆಗುತ್ತದೆ.

ಹಾಗೆಯೇ ಬಣ್ಣದ ಲೇಯರ್‌ನಲ್ಲಿ ಯಾವ ಬಿಳಿ ಆಕಾರಕ್ಕೂ ಓವರ್‌ಪ್ರಿಂಟ್ ಗುರುತು ಇರಬಾರದು. ಬಿಳಿಗೆ ಓವರ್‌ಪ್ರಿಂಟ್ ಆದರೆ ಅದು ಮುದ್ರಣದಲ್ಲಿ ಮಾಯವಾಗುತ್ತದೆ. ವಾರ್ನಿಷ್‌ಗೆಂದು "ಸೆಲೆಕ್ಟ್ ಆಲ್" ಕೊಟ್ಟಾಗ ಬಣ್ಣದ ಲೇಯರ್ ಲಾಕ್ ಆಗಿರದಿದ್ದರೆ ಹೀಗಾಗುತ್ತದೆ.

ಅಂಚು ಕೂರಿಸುವುದು

ಬಣ್ಣ ಒಂದು ಯಂತ್ರದಲ್ಲಿ, ವಾರ್ನಿಷ್ ಇನ್ನೊಂದರಲ್ಲಿ. ನಡುವೆ ಲ್ಯಾಮಿನೇಶನ್‌ನ ಬಿಸಿ ಮತ್ತು ಒತ್ತಡದಿಂದ ಕಾಗದ ತುಸು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಎಷ್ಟೇ ಜಾಗರೂಕತೆಯಿಂದ ಮಾಡಿದರೂ 0.2ರಿಂದ 0.5 ಮಿಮೀ ಆಚೀಚೆ ಆಗುವುದು ಸಹಜ. ದೊಡ್ಡ ಹಾಳೆಯ ತುದಿಯಲ್ಲಿ ಇದು ಇನ್ನೂ ಹೆಚ್ಚು. ಇದನ್ನು ಒಪ್ಪಿಕೊಂಡೇ ಆಕಾರ ಮಾಡಬೇಕು.

ಕೆಲವರು ವಾರ್ನಿಷ್ ಅನ್ನು ಯಾವಾಗಲೂ ಸ್ವಲ್ಪ ಹಿಗ್ಗಿಸಿ ಎನ್ನುತ್ತಾರೆ, ಕೆಲವರು ಯಾವಾಗಲೂ ಕುಗ್ಗಿಸಿ ಎನ್ನುತ್ತಾರೆ. ನಾನು ಹಿಡಿಯುವ ಸೂತ್ರ ಬೇರೆ: ವಾರ್ನಿಷ್‌ನ ಅಂಚು ತಿಳಿ ಬಣ್ಣದ ಮೇಲೆ ಬೀಳಬೇಕು. ಹೊಳಪು ಗಾಢ ಬಣ್ಣದ ಮೇಲೆಯೇ ಎದ್ದು ಕಾಣುವುದರಿಂದ ತಪ್ಪು ಕೂಡ ಅಲ್ಲೇ ಎದ್ದು ಕಾಣುತ್ತದೆ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಲೋಗೋ ಇದೆ ಎನ್ನಿ. ವಾರ್ನಿಷ್ ಹೊರಗೆ ಚಾಚಿದರೆ ಬಿಳಿಯ ಮೇಲೆ ಯಾರೂ ನೋಡುವುದಿಲ್ಲ. ಒಳಗೆ ಸರಿದರೆ ಕಪ್ಪಿನಲ್ಲಿ ಮಂಕು ಗೆರೆ ಕಾಣುತ್ತದೆ. ಹಾಗಾಗಿ ಹಿಗ್ಗಿಸಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಲೋಗೋ ಇದ್ದರೆ ಲೆಕ್ಕ ತಿರುಗುತ್ತದೆ. ಹೊರಗೆ ಚಾಚಿದ ವಾರ್ನಿಷ್ ಕಪ್ಪಿನ ಮೇಲೆ ಮಿನುಗುತ್ತದೆ. ಆಗ ಕುಗ್ಗಿಸಿ.

ಇಲಸ್ಟ್ರೇಟರ್‌ನಲ್ಲಿ ಆಬ್ಜೆಕ್ಟ್, ಪಾತ್, ಆಫ್‌ಸೆಟ್ ಪಾತ್ ಎಂಬಲ್ಲಿ ಹೋಗಿ 0.1 ಅಥವಾ 0.15 ಮಿಮೀ ಕೊಡಿ. ಕುಗ್ಗಿಸಬೇಕಾದರೆ ಮುಂದೆ ಮೈನಸ್ ಹಾಕಿ. ಹೊಸ ಆಕಾರ ಬಂದ ಮೇಲೆ ಹಳೆಯದನ್ನು ಅಳಿಸುವುದು ನೆನಪಿರಲಿ. ದಪ್ಪ ಲೇಪದ ಸ್ಕ್ರೀನ್ ಯುವಿ ತಾನಾಗಿಯೇ ಸ್ವಲ್ಪ ಹರಡುವುದರಿಂದ ಹಿಗ್ಗಿಸುವಾಗ ಕೈ ಬಿಗಿ ಇರಲಿ.

ಎರಡೂ ಕಡೆ ಗಾಢ ಬಣ್ಣವೇ ಇದ್ದರೆ? ಕಡು ನೀಲಿಯ ಮೇಲೆ ಸಣ್ಣ ಕಡು ಕೆಂಪು ಅಕ್ಷರಗಳು, ಅವುಗಳ ಮೇಲೆ ಸರಿಯಾಗಿ ವಾರ್ನಿಷ್. ಇಲ್ಲಿ ಹಿಗ್ಗಿಸಿದರೂ ಕುಗ್ಗಿಸಿದರೂ ತಪ್ಪು ಕಾಣುತ್ತದೆ. ವಿನ್ಯಾಸವನ್ನೇ ಬದಲಿಸಿ ಎಂಬುದು ನನ್ನ ಸಲಹೆ. ಅಕ್ಷರದ ಬದಲು ಅದರ ಸುತ್ತಲಿನ ಇಡೀ ಪಟ್ಟಿಗೆ ವಾರ್ನಿಷ್ ಕೊಡಬಹುದು. ಅಕ್ಷರವನ್ನು ಮುದ್ರಿಸದೆ ವಾರ್ನಿಷ್‌ನಲ್ಲೇ ಮೂಡಿಸಬಹುದು.

ವಾರ್ನಿಷ್ ಬೀಳಬಾರದ ಜಾಗಗಳು

ಮಡಿಕೆ ಬರುವ ಕಡೆ ಮೊದಲು ನೋಡಿ. ಗಟ್ಟಿಯಾದ ಯುವಿ ಪದರ ಬಾಗುವುದಿಲ್ಲ, ಬಿರಿಯುತ್ತದೆ. ಬಿರುಕಿನಲ್ಲಿ ಬಣ್ಣವೂ ಎದ್ದು ಬರುತ್ತದೆ. ಕ್ರೀಸ್ ಗೆರೆಯ (ಮಡಚಲೆಂದು ಒತ್ತಿದ ಗೆರೆಯ) ಎರಡೂ ಬದಿಗೆ 2ರಿಂದ 3 ಮಿಮೀ ಬಿಡಿ. ಪುಸ್ತಕದ ಬೆನ್ನಿನ ಅಂಚುಗಳಿಗೂ ಇದು ಅನ್ವಯ.

ಪೆಟ್ಟಿಗೆಯ ಅಂಟು ಪಟ್ಟಿಯ ಮೇಲೆ ವಾರ್ನಿಷ್ ಇದ್ದರೆ ಅಂಟು ಹಿಡಿಯುವುದಿಲ್ಲ. ತಯಾರಿಕೆ ದಿನಾಂಕ, ಬ್ಯಾಚ್ ಸಂಖ್ಯೆ ಒತ್ತುವ ಜಾಗ, ಸಹಿ ಹಾಕುವ ಜಾಗ, ಪೆನ್ನಿನಿಂದ ಬರೆಯುವ ಗೆರೆಗಳನ್ನು ಖಾಲಿ ಬಿಡಿ. ಬಾರ್‌ಕೋಡ್, ಕ್ಯೂಆರ್ ಕೋಡ್ ಮೇಲೂ ಬೇಡ, ಹೊಳಪಿಗೆ ಸ್ಕ್ಯಾನರ್ ತಬ್ಬಿಬ್ಬಾಗಬಹುದು. ತಿನ್ನುವ ಪದಾರ್ಥಕ್ಕೆ ತಾಗುವ ಒಳಬದಿಗೆ ಯುವಿ ಹಾಕುವುದು ಬೇಡ.

ಕತ್ತರಿಸುವ ಅಂಚಿಗೆ ವಾರ್ನಿಷ್ ಬರಬೇಕೆಂದಿದ್ದರೆ ಅದನ್ನೂ ಬ್ಲೀಡ್‌ವರೆಗೆ, ಅಂದರೆ 3 ಮಿಮೀ ಹೊರಗೆ ಎಳೆಯಿರಿ. ಹಾಗೆ ಬೇಕಿಲ್ಲದಿದ್ದರೆ ಅಂಚಿನಿಂದ 2 ಮಿಮೀ ಒಳಗೇ ನಿಲ್ಲಿಸಿ. ಕಟ್ಟರ್‌ನ ಏಟಿಗೆ ಅಂಚಿನ ಲೇಪ ಚೂರು ಚೂರಾಗಿ ಏಳುವುದು ತಪ್ಪುತ್ತದೆ.

ಅದೇ ಕೆಲಸದಲ್ಲಿ ಫಾಯಿಲ್ (ಲೋಹದಂತೆ ಹೊಳೆಯುವ ಹಾಳೆ ಒತ್ತುವುದು), ಎಂಬಾಸಿಂಗ್ (ಉಬ್ಬಿಸುವುದು), ಡೈಕಟ್ (ಆಕಾರಕ್ಕೆ ಕತ್ತರಿಸುವುದು) ಇದ್ದರೆ ಒಂದೊಂದಕ್ಕೂ ಬೇರೆ ಸ್ಪಾಟ್ ಸ್ವಾಚ್, ಬೇರೆ ಲೇಯರ್ ಮಾಡಿ. ಫಾಯಿಲ್ ಮತ್ತು ವಾರ್ನಿಷ್ ಒಂದರ ಮೇಲೊಂದು ಬರುವ ಹಾಗಿದ್ದರೆ ಯಾವುದು ಮೊದಲು ಎಂದು ಪ್ರೆಸ್‌ನವರನ್ನು ಕೇಳಿ. ಪ್ಯಾಕೇಜಿಂಗ್ ಕೆಲಸ ಮಾಡುವವರಿಗೆ ಒಂದು ಮಾತು: ಪಿಡಿಎಫ್ ಒಳಗೆ ವಾರ್ನಿಷ್, ಕಟಿಂಗ್, ಬ್ರೈಲ್ ಮುಂತಾದ ಹಂತಗಳನ್ನು ಯಂತ್ರ ಗುರುತಿಸುವಂತೆ ಬರೆಯುವ ಐಎಸ್‌ಒ 19593-1 ಎಂಬ ಮಾನದಂಡ 2018ರಲ್ಲಿ ಬಂದಿದೆ. ನಿಮ್ಮ ಪ್ರೆಸ್ ಅದನ್ನು ಬಳಸುತ್ತಿದ್ದರೆ ಗೊಂದಲ ಇನ್ನಷ್ಟು ಕಡಿಮೆಯಾಗುತ್ತದೆ.

ಪಿಡಿಎಫ್ ಮಾಡಿ, ಪ್ಲೇಟ್ ಪ್ಲೇಟ್ ಆಗಿ ನೋಡಿ

ಮುದ್ರಣಕ್ಕೆಂದೇ ಇರುವ ಪಿಡಿಎಫ್ ಬಗೆ, ಪಿಡಿಎಫ್/ಎಕ್ಸ್-4 ಆರಿಸಿ. ಅದರಲ್ಲಿ ಸ್ಪಾಟ್ ಬಣ್ಣ, ಓವರ್‌ಪ್ರಿಂಟ್, ಪಾರದರ್ಶಕತೆ ಎಲ್ಲ ಹಾಗೇ ಉಳಿಯುತ್ತದೆ. ಹಳೆಯ ವ್ಯವಸ್ಥೆ ಇರುವ ಪ್ರೆಸ್ ಎಕ್ಸ್-1ಎ ಕೇಳಿದರೆ ಅದನ್ನೂ ಕೊಡಬಹುದು, ಅದರಲ್ಲೂ ಸ್ಪಾಟ್ ಬಣ್ಣಕ್ಕೆ ಜಾಗವಿದೆ. ಇನ್‌ಡಿಸೈನ್‌ನ ಇಂಕ್ ಮ್ಯಾನೇಜರ್‌ನಲ್ಲಿ "ಆಲ್ ಸ್ಪಾಟ್ಸ್ ಟು ಪ್ರೊಸೆಸ್" ಎಂಬುದಕ್ಕೆ ಗುರುತು ಇರಬಾರದು. ಅದು ಇದ್ದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನಾಲ್ಕು ಬಣ್ಣಕ್ಕೆ ಕರಗಿ ಹೋಗುತ್ತದೆ.

ಬೇರೆ ಫೈಲ್ ಕೇಳಿದ್ದರೆ ಅದೇ ಅಳತೆಯ, ಅದೇ ಬ್ಲೀಡ್‌ನ ಪುಟದಲ್ಲಿ ವಾರ್ನಿಷ್ ಆಕಾರವನ್ನು ಮಾತ್ರ 100 ಶೇಕಡಾ ಕಪ್ಪಿನಲ್ಲಿ ಇಟ್ಟು ಕೊಡಿ. ಆಕಾರಕ್ಕೆ ತಕ್ಕಂತೆ ಪುಟವನ್ನು ಕತ್ತರಿಸಬೇಡಿ. ಎರಡೂ ಫೈಲ್‌ಗಳ ಮೂಲೆಗೆ ಮೂಲೆ ಕೂಡಬೇಕು.

ಈಗ ಪಿಡಿಎಫ್ ಅನ್ನು ಅಕ್ರೊಬ್ಯಾಟ್ ಪ್ರೊನಲ್ಲಿ ತೆರೆಯಿರಿ. ಪ್ರಿಂಟ್ ಪ್ರೊಡಕ್ಷನ್‌ನಲ್ಲಿ ಔಟ್‌ಪುಟ್ ಪ್ರಿವ್ಯೂ ಎಂಬುದಿದೆ. ಅಲ್ಲಿ ಪ್ಲೇಟ್‌ಗಳ ಪಟ್ಟಿ ಕಾಣುತ್ತದೆ. ನಾಲ್ಕು ಬಣ್ಣ, ಜೊತೆಗೆ ಒಂದೇ ಒಂದು ವಾರ್ನಿಷ್ ಹೆಸರು ಇರಬೇಕು. ಎರಡು ಇದ್ದರೆ ಹೆಸರಿನ ಗೊಂದಲ ಆಗಿದೆ. ಒಂದೂ ಇಲ್ಲದಿದ್ದರೆ ಅದು ಪ್ರೊಸೆಸ್ ಆಗಿದೆ.

ಮೊದಲು ವಾರ್ನಿಷ್ ಪ್ಲೇಟ್‌ನ ಗುರುತು ತೆಗೆಯಿರಿ. ಕೆಳಗಿನ ಚಿತ್ರ ಪೂರ್ತಿಯಾಗಿ ಕಾಣಬೇಕು. ಎಲ್ಲಾದರೂ ಬಿಳಿ ತೂತು ಕಂಡರೆ ಓವರ್‌ಪ್ರಿಂಟ್ ಆಗಿಲ್ಲ ಎಂದರ್ಥ. ನಂತರ ವಾರ್ನಿಷ್ ಒಂದನ್ನೇ ಉಳಿಸಿ ಬೇರೆಲ್ಲ ತೆಗೆಯಿರಿ. ಆಕಾರ ಮಾತ್ರ, ಗಟ್ಟಿಯಾಗಿ, ಅಂಚು ಚೂಪಾಗಿ ಕಾಣಬೇಕು. ಅದರ ಮೇಲೆ ಕರ್ಸರ್ ಇಟ್ಟಾಗ 100 ಶೇಕಡಾ ತೋರಿಸಬೇಕು. ಕೊನೆಗೆ 400 ಶೇಕಡಾಕ್ಕೆ ದೊಡ್ಡದು ಮಾಡಿ ಅಂಚುಗಳನ್ನು ಸುತ್ತಿ ಬನ್ನಿ. ಒಟ್ಟು ಇಂಕ್ ಪ್ರಮಾಣ ನೋಡುವಾಗ ವಾರ್ನಿಷ್‌ನ 100 ಕೂಡ ಲೆಕ್ಕಕ್ಕೆ ಸೇರಿರಬಹುದು, ಅದನ್ನು ಕಳೆದು ನೋಡಿ.

ಈ ಪರೀಕ್ಷೆಗೆ ಐದು ನಿಮಿಷ ಸಾಕು. ಬೇರೆ ಯಾವ ಹಂತದಲ್ಲಿ ಅವಸರ ಮಾಡಿದರೂ ಇಲ್ಲಿ ಮಾಡಬೇಡಿ.

ಕೈಗೆ ಸಿಗುವ ಪ್ರೂಫ್

ಬಣ್ಣದ ಪುಟವನ್ನು ಕಾಗದದ ಮೇಲೆ ಮುದ್ರಿಸಿ. ವಾರ್ನಿಷ್ ಪ್ಲೇಟನ್ನು ಕಪ್ಪಿನಲ್ಲಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ. ಒಂದರ ಮೇಲೊಂದು ಇಡಿ. ಪರದೆಯಲ್ಲಿ ತಪ್ಪಿಸಿಕೊಂಡ ಸಂಗತಿಗಳು ಇಲ್ಲಿ ಸಿಗುತ್ತವೆ: ಬೆನ್ನಿನ ಮೇಲೆ ದಾಟಿದ ಆಕಾರ, ಬಾರ್‌ಕೋಡ್‌ಗೆ ತಾಗಿದ ಎಲೆ, ತೀರ ಸಣ್ಣದಾದ ಒತ್ತಕ್ಷರ. ಗ್ರಾಹಕರಿಗೆ ತೋರಿಸಲೂ ಇದು ಒಳ್ಳೆಯದು. ಎಲ್ಲಿ ಹೊಳೆಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಫೈಲ್ ಕಳಿಸುವಾಗ ಜೊತೆಗೆ ಒಂದು ಚೀಟಿ ಇರಲಿ. ಎಷ್ಟು ಬಣ್ಣ, ಯಾವ ಬದಿಗೆ ವಾರ್ನಿಷ್, ಯಾವ ಲ್ಯಾಮಿನೇಶನ್, ಸ್ವಾಚ್‌ನ ಹೆಸರು ಏನು ಎಂದು ಬರೆಯಿರಿ. ವಾರ್ನಿಷ್ ಜಾಗವನ್ನು ಬಣ್ಣದಲ್ಲಿ ಗುರುತಿಸಿದ ಒಂದು ಸಣ್ಣ ಚಿತ್ರವನ್ನೂ ಸೇರಿಸಿ.

ಮೊದಲ ಹಾಳೆ ಬಂದಾಗ

ಸಾಧ್ಯವಾದರೆ ವಾರ್ನಿಷ್ ಹಚ್ಚುವ ದಿನ ಅಲ್ಲೇ ಇರಿ. ಮೊದಲ ಹಾಳೆಯನ್ನು ಓರೆಯಾಗಿ ಹಿಡಿದು ಬೆಳಕಿಗೆ ನೋಡಿ. ನಡುವಿನ ಆಕಾರವನ್ನಷ್ಟೇ ಅಲ್ಲ, ನಾಲ್ಕು ಮೂಲೆಗಳ ಆಕಾರಗಳನ್ನೂ ಭೂತಗನ್ನಡಿಯಲ್ಲಿ ನೋಡಿ. ನಡುವೆ ಸರಿಯಿದ್ದು ಮೂಲೆಯಲ್ಲಿ ಜರುಗಿದ್ದರೆ ಕಾಗದ ಹಿಗ್ಗಿದೆ ಎಂದರ್ಥ. ಆಗ ಸ್ಕ್ರೀನ್ ಸರಿಸಿದರೆ ಪ್ರಯೋಜನವಿಲ್ಲ. ಹಾಳೆಗೆ ತಕ್ಕಂತೆ ಅಳತೆ ತುಸು ಬದಲಿಸಿ ಹೊಸ ಸ್ಕ್ರೀನ್ ಮಾಡಬೇಕಾಗಬಹುದು. ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಜರುಗಿದ್ದರೆ ಯಂತ್ರದಲ್ಲೇ ಸರಿಪಡಿಸುತ್ತಾರೆ.

ಲೇಪ ಗಟ್ಟಿಯಾದ ಮೇಲೆ ಸೆಲ್ಲೋಟೇಪ್ ಒತ್ತಿ ಹಚ್ಚಿ ಚಕ್ಕನೆ ಎಳೆಯಿರಿ. ವಾರ್ನಿಷ್ ಟೇಪಿಗೆ ಅಂಟಿ ಬಂದರೆ ಹಿಡಿತ ಸಾಲದು. ಉಗುರಿನಿಂದ ಗೀರಿ ನೋಡಿ. ಒಂದು ಹಾಳೆಯನ್ನು ಕ್ರೀಸ್ ಮಾಡಿ ಮಡಚಿ ನೋಡಿ. ಎರಡು ಹಾಳೆಗಳ ಹೊಳೆಯುವ ಮುಖಗಳನ್ನು ಒಂದಕ್ಕೊಂದು ಒತ್ತಿ ಸ್ವಲ್ಪ ಹೊತ್ತು ಭಾರ ಇಟ್ಟು ಬಿಡಿಸಿ ನೋಡಿ. ಅಂಟಿಕೊಂಡರೆ ದೀಪದ ಕೆಳಗೆ ಇನ್ನೂ ನಿಧಾನವಾಗಿ ಹಾಯಿಸಬೇಕು.

ಒಪ್ಪಿದ ಹಾಳೆಯ ಮೇಲೆ ಸಹಿ ಹಾಕಿ ಒಂದನ್ನು ಪ್ರೆಸ್‌ನಲ್ಲಿ ಬಿಟ್ಟು, ಇನ್ನೊಂದನ್ನು ನೀವು ಇಟ್ಟುಕೊಳ್ಳಿ. ಬಣ್ಣದ ಫೈಲ್ ಮತ್ತು ವಾರ್ನಿಷ್ ಫೈಲ್ ಒಂದೇ ಫೋಲ್ಡರ್‌ನಲ್ಲಿ, ಒಂದೇ ಆವೃತ್ತಿ ಸಂಖ್ಯೆಯಲ್ಲಿ ಇರಲಿ. ಮರುಮುದ್ರಣಕ್ಕೆ ಬಂದಾಗ ಹೊದಿಕೆಯ ಮೇಲೆ ಒಂದು ಸಾಲು ಸೇರುತ್ತದೆ, ಪುಟ ಹೆಚ್ಚಾಗಿ ಬೆನ್ನು ದಪ್ಪವಾಗುತ್ತದೆ, ಶೀರ್ಷಿಕೆ ಪಕ್ಕಕ್ಕೆ ಸರಿಯುತ್ತದೆ. ಬಣ್ಣದ ಫೈಲ್ ತಿದ್ದಿದ ಪ್ರತಿ ಸಲವೂ ವಾರ್ನಿಷ್ ಪ್ಲೇಟನ್ನು ತೆರೆದು, ಮತ್ತೆ ಔಟ್‌ಪುಟ್ ಪ್ರಿವ್ಯೂನಲ್ಲಿ ನೋಡಿ, ಆಮೇಲೆಯೇ ಕಳಿಸಿ.